ಬಂದ ದಿನ ಗೊತ್ತು, ಹೋದ ದಿನ?

ಅಶೋಕಪುರಂ ರೈಲು ನಿಲ್ದಾಣದಿಂದ ಚಾಮರಾಜನಗರದ ಗಾಡಿ ಹೊರಟ ಮೇಲೆ ಸ್ವಲ್ಪ ಹೊತ್ತು ಆ ಕಡೆ ಸದ್ದೇ ಇರಲ್ಲ. ಹಳಿಗಳಾಚೆ, ಬೀದಿ ಪಕ್ಕದ ಮೋರಿ ಅಂಚಿನಲ್ಲಿ, ಆ ಹೊತ್ತಿಗೆ ಒಂದು ಹಕ್ಕಿ ಓಡಾಡುತ್ತಿರುತ್ತೆ. ಗುಬ್ಬಚ್ಚಿಗಿಂತ ತೆಳ್ಳಗಿನ ಮೈ, ಬೂದು ಬೆನ್ನು, ಹಳದಿ ಹೊಟ್ಟೆ, ಮೈಗೆ ಹೆಚ್ಚಾಯಿತು ಅನ್ನಿಸುವಷ್ಟು ಉದ್ದದ ಬಾಲ. ನಿಂತಲ್ಲೇ ಬಾಲ ಮೇಲೆ ಕೆಳಗೆ ಕುಣಿಸುತ್ತೆ. ಹೆಸರು ಬೂದು ಸಿಪಿಲೆ. ನಮ್ಮ ಮೋರಿಯ ಹುಳ ತಿಂದುಕೊಂಡು ಆರು ತಿಂಗಳು ಇಲ್ಲಿರುವ ಈ ಹಕ್ಕಿ ಮೊಟ್ಟೆ ಇಡೋದು ಹಿಮಾಲಯದಲ್ಲಿ ಅಥವಾ ಅದರಾಚೆಯ ತೊರೆಗಳ ಪಕ್ಕದಲ್ಲಿ.

ಈ ಕಡೆ ಬಾಡಿಗೆಗೆ ಬಂದ ಮೊದಲ ವರ್ಷವೇ ನಾನು ಫೋನಿನಲ್ಲಿ ಒಂದು ಶೀಟ್ ಮಾಡಿದೆ. ಎರಡು ಕಾಲಂ: ಬಂದ ದಿನ, ಹೋದ ದಿನ. ಮೊದಲ ಕಾಲಂ ತುಂಬಿಸೋದು ಸುಲಭ. ಅಕ್ಟೋಬರ್‌ನ ಒಂದು ಬೆಳಗ್ಗೆ 'ಚಿಟ್ ಚಿಟ್' ಅಂತ ಸದ್ದು ಕೇಳಿತು, ತಿರುಗಿ ನೋಡಿದೆ, ತೇದಿ ಹಾಕಿದೆ. ಎರಡನೇ ಕಾಲಂ ಮಾತ್ರ ಖಾಲಿ ಉಳಿಯಿತು. ಏಪ್ರಿಲ್ ಕೊನೆಯಲ್ಲಿ ಒಂದು ದಿನ ತಟ್ಟನೆ ಹೊಳೆಯಿತು: ಅರೆ, ಸಿಪಿಲೆ ಕಾಣಿಸಿ ಎಷ್ಟು ದಿನ ಆಯ್ತು? ಒಂದು ವಾರವೋ, ಎರಡು ವಾರವೋ, ಗೊತ್ತಿಲ್ಲ.

ಕೊನೆಯ ಸಲ ನೋಡಿದ ದಿನ ಅದು ಕೊನೆಯ ಸಲ ಅಂತ ಗೊತ್ತಿರಲ್ಲ, ಸಮಸ್ಯೆ ಇರೋದೇ ಇಲ್ಲಿ. ಹಕ್ಕಿ ಬಂದಿದ್ದನ್ನು ಬರೆಯೋಕೆ ಒಂದು ಸಲ ನೋಡಿದರೆ ಸಾಕು. ಹೋಗಿದ್ದನ್ನು ಬರೆಯಬೇಕಾದರೆ ಅದು ಹೋದ ಮೇಲೂ ದಿನಾ ಹೋಗಿ ನೋಡಿ 'ಇವತ್ತು ಇಲ್ಲ' ಅಂತ ಬರೆಯಬೇಕು. ಇಲ್ಲದ್ದನ್ನು ನೋಡೋಕೆ ಬೆಳಗ್ಗೆ ಆರಕ್ಕೆ ಯಾರು ಏಳ್ತಾರೆ?

ನಮ್ಮ ಕೆಲಸದಲ್ಲಿ ಈ ವ್ಯತ್ಯಾಸ ಮೊದಲ ತಿಂಗಳಲ್ಲೇ ತಲೆಗೆ ಹೋಗಿರುತ್ತೆ. ಟೇಬಲ್‌ನಲ್ಲಿ 'ಝೀರೋ' ಇದ್ದರೆ ಯಾರೋ ಎಣಿಸಿದ್ದಾರೆ, ಏನೂ ಸಿಕ್ಕಿಲ್ಲ ಅಂತ ಅರ್ಥ. 'ನಲ್' ಇದ್ದರೆ ಯಾರೂ ಎಣಿಸಿಯೇ ಇಲ್ಲ ಅಂತ. ಎರಡನ್ನೂ ಒಂದೇ ಅಂದುಕೊಂಡರೆ ಇಡೀ ರಿಪೋರ್ಟ್ ಸುಳ್ಳಾಗುತ್ತೆ. ಮೈಸೂರಿನ ಹಕ್ಕಿಗಳ ಚರಿತ್ರೆ ಓದುತ್ತಾ ಹೋದಾಗ ನನಗೆ ಮತ್ತೆ ಮತ್ತೆ ಎದುರಾಗಿದ್ದು ಇದೇ ಪ್ರಶ್ನೆ. ಇಲ್ಲಿರುವ ಖಾಲಿ ಜಾಗಗಳಲ್ಲಿ ಝೀರೋ ಎಷ್ಟು, ನಲ್ ಎಷ್ಟು?

*

ಬಡಾವಣೆಯ ಹೆಸರಿನಿಂದಲೇ ಶುರು ಮಾಡಬಹುದು. ಈ ದೇಶದಲ್ಲಿ ಹಕ್ಕಿಗಳ ಹೆಸರುಗಳನ್ನು ಪಟ್ಟಿ ಮಾಡಿ ಕಲ್ಲಿನ ಮೇಲೆ ಕೆತ್ತಿಸಿದವರಲ್ಲಿ ಅಶೋಕನೇ ಹಳಬ. ಪಟ್ಟಾಭಿಷೇಕವಾಗಿ 26 ವರ್ಷವಾದ ಮೇಲೆ ಬರೆಸಿದ ಐದನೇ ಸ್ತಂಭಶಾಸನದಲ್ಲಿ ಕೊಲ್ಲಬಾರದ ಜೀವಿಗಳ ಪಟ್ಟಿ ಇದೆ. ಗಿಳಿ, ಗೊರವಂಕ, ಚಕ್ರವಾಕ, ಹಂಸ, ಬಾವಲಿ, ಹೀಗೆ ಸಾಗುತ್ತೆ. ಗಿಳಿ, ಗೊರವಂಕ ಊರಿನವೇ. ಆದರೆ ಚಕ್ರವಾಕ ಹಾಗಲ್ಲ. ಇಟ್ಟಿಗೆ ಬಣ್ಣದ ಆ ಬಾತು ಮರಿ ಮಾಡೋದು ಲಡಾಖ್, ಟಿಬೆಟ್, ಮಧ್ಯ ಏಷ್ಯಾದಲ್ಲಿ. ನಮ್ಮ ನದಿ ಕೆರೆಗಳಿಗೆ ಬರೋದು ಚಳಿಗಾಲಕ್ಕೆ. ಅಂದರೆ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಆ ಪಟ್ಟಿಯಲ್ಲೇ ಒಂದು ವಲಸೆ ಹಕ್ಕಿ ಇದೆ, ಊರಿನ ಹಕ್ಕಿಗಳ ಜೊತೆಗೇ, ಅದೇ ರಕ್ಷಣೆಯ ಅಡಿಯಲ್ಲಿ.

ಆ ಸ್ತಂಭಶಾಸನ ಕರ್ನಾಟಕದ್ದಲ್ಲ. ಉತ್ತರದ ಕಂಬಗಳ ಮೇಲೆ ಇರೋದು. ಆದರೆ ಶಾಸನಗಳಲ್ಲಿ 'ದೇವಾನಾಂಪ್ರಿಯ' ಅಂತ ಬರುವ ರಾಜ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಕಲ್ಲು. 1915ರಲ್ಲಿ ಅದನ್ನು ಪತ್ತೆ ಮಾಡಿದವನು ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್. ಅದಕ್ಕೂ ಮೊದಲು ಎಷ್ಟು ತಲೆಮಾರು ಆ ಕಲ್ಲಿನ ಪಕ್ಕ ದನ ಮೇಯಿಸಿಕೊಂಡು ಓಡಾಡಿರಬೇಕು! ಅವರಿಗೆ ಕಲ್ಲು ಗೊತ್ತಿತ್ತು. 'ಪತ್ತೆ' ಅಂತ ದಾಖಲಾಗಿದ್ದು ಮಾತ್ರ ಎಂಜಿನಿಯರ್ ಬಂದ ದಿನ.

ಹಕ್ಕಿಗಳ ವಿಷಯದಲ್ಲೂ ಹೆಚ್ಚುಕಮ್ಮಿ ಹೀಗೇ ಆಗಿದೆ.

*

ಮೈಸೂರು ಸೀಮೆಯ ಹಕ್ಕಿಗಳ ಮೊದಲ ವ್ಯವಸ್ಥಿತ ಲೆಕ್ಕ ಸಲೀಂ ಅಲಿಯವರದ್ದು. ಹೈದರಾಬಾದ್, ತಿರುವಾಂಕೂರು–ಕೊಚ್ಚಿ ಸಂಸ್ಥಾನಗಳ ಸಮೀಕ್ಷೆ ಮುಗಿಸಿದ್ದ ಅವರು 1939–40ರಲ್ಲಿ ಮೈಸೂರು ಸಂಸ್ಥಾನದಲ್ಲಿ ಶಿಬಿರ ಹೂಡಿದರು. ಅದರ ಫಲ 'ದಿ ಬರ್ಡ್ಸ್ ಆಫ್ ಮೈಸೂರ್', 1942–43ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಲ್ಲಿ ಬಂತು. ಆ ಕಾಲದ ಸಮೀಕ್ಷೆ ಅಂದರೆ ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟೋದು. ಚೀಟಿಯಲ್ಲಿ ಊರು, ತೇದಿ. ಇವತ್ತಿಗೆ ಕ್ರೂರ ಅನ್ನಿಸುತ್ತೆ, ಆದರೆ 'ಇಂಥ ದಿನ, ಇಂಥ ಊರಲ್ಲಿ ಈ ಹಕ್ಕಿ ಇತ್ತು' ಅನ್ನೋದಕ್ಕೆ ಇಷ್ಟು ಗಟ್ಟಿ ಪುರಾವೆ ಬೇರೆ ಇಲ್ಲ.

ಅದೇ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ, ಆ ಮಾನ್ಯತೆ ಪಡೆದ ಕರ್ನಾಟಕದ ಮೊದಲ ಜೌಗು ಪ್ರದೇಶ ಅನ್ನಿಸಿಕೊಂಡಿತು. ಆದರೆ ಆ ನಡುಗಡ್ಡೆಗಳು ಇವತ್ತಿನ ರೂಪಕ್ಕೆ ಬಂದಿದ್ದು ಹದಿನೇಳನೇ ಶತಮಾನದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಕಾವೇರಿಗೆ ಅಡ್ಡ ಕಟ್ಟಿದ ಒಡ್ಡಿನಿಂದ. ಮೈಸೂರಿನಲ್ಲಿ ಹಕ್ಕಿ ನೋಡೋಕೆ ಅಂತ ನಾವು ಹೋಗುವ ಬೇರೆ ಜಾಗಗಳೂ ಹೀಗೇ. ಕುಕ್ಕರಹಳ್ಳಿ ಕೆರೆ 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ಲಿಂಗಾಂಬುಧಿಯೂ ಅವರ ಕಾಲದ್ದೇ. ಕಾಡಿನ ನಡುವೆ ತಾನಾಗಿ ಹುಟ್ಟಿದ ನೀರಲ್ಲ ಇವು, ಮನುಷ್ಯರು ಬುಟ್ಟಿಯಲ್ಲಿ ಮಣ್ಣು ಹೊತ್ತು ಏರಿ ಹಾಕಿದ ಮೇಲೆ ನಿಂತ ನೀರು. ಕಟ್ಟಿಸಿದವರ ಹೆಸರು ಫಲಕದ ಮೇಲಿದೆ. ಮಣ್ಣು ಹೊತ್ತವರ ಕಾಲಂ ನಲ್.

ಅಶೋಕಪುರಂ ಮುಂದಿನ ಹಳಿಯನ್ನೇ ಹಿಡಿದು ನಂಜನಗೂಡಿನ ಕಡೆ ಹೋದರೆ ಇದೇ ಮಾತಿಗೆ ಇನ್ನೊಂದು ಸಾಕ್ಷಿ ಸಿಗುತ್ತೆ. 1891ರಲ್ಲಿ ಶುರುವಾದ ಹಳಿ ಇದು. ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳು. ಉಪಗ್ರಹ ಟ್ಯಾಗ್ ಹಾಕಿದ ಒಂದು ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕೊರಳಿಗೆ ಹಾಕಿದ ನಂಬರ್ ಪಟ್ಟಿಯನ್ನು ಮೈಸೂರು ಸೀಮೆಯ ಕೆರೆಗಳಲ್ಲಿ ದುರ್ಬೀನಿನಿಂದ ಓದಿದವರಿದ್ದಾರೆ.

ಹದಿನಾರು ಇನ್ನೊಂದು ವಲಸೆಗೂ ಪ್ರಸಿದ್ಧ. ದ್ವಾರಕೆಯ ಕಡೆಯಿಂದ ಬಂದ ಯದುರಾಯ, ಕೃಷ್ಣರಾಯ ಎಂಬ ಸೋದರರು ಕಾರುಗಹಳ್ಳಿಯ ಮಾರನಾಯಕನನ್ನು ಸೋಲಿಸಿ, 1399ರಲ್ಲಿ ಮೈಸೂರು ಅರಸು ಮನೆತನ ಶುರುವಾಯಿತು ಅನ್ನೋ ಐತಿಹ್ಯಕ್ಕೆ ಸೇರಿದ ಊರು ಅದು. ದೂರದಿಂದ ಬಂದವರು ಬಂದ ವರ್ಷ ಬಾಯಿಪಾಠ ಆಗುವಷ್ಟು ಗಟ್ಟಿಯಾಗಿ ಉಳಿದಿದೆ. ಅವರು ಬರುವ ಮೊದಲೇ ಆ ನೆಲದಲ್ಲಿ ಉಳುತ್ತಿದ್ದವರು ಯಾವಾಗ ಬಂದರು, ಯಾವಾಗ ಬಿಟ್ಟು ಹೋದರು? ಆ ತೇದಿಗಳನ್ನು ಯಾರೂ ಕೇಳಿಲ್ಲ. ಹೆಬ್ಬಾತುಗಳಿಗೂ ಹಾಗೇ. ಬಂದವು ಅಂದರೆ ಪೇಪರಿನಲ್ಲಿ ಫೋಟೋ. ಮಾರ್ಚ್‌ನಲ್ಲಿ ಒಂದು ದಿನ ಎದ್ದು ಹೋದರೆ ಅದು ಸುದ್ದಿಯಲ್ಲ.

*

ಹಕ್ಕಿ ಎಲ್ಲಿಗೆ ಹೋಗುತ್ತೆ ಅನ್ನೋ ಪ್ರಶ್ನೆಯನ್ನು ಭಾರತ ದೊಡ್ಡ ಮಟ್ಟದಲ್ಲಿ ಕೇಳೋಕೆ ಶುರು ಮಾಡಿದ್ದು ಭಯದಿಂದ, ಅದೂ ಕರ್ನಾಟಕದ ಒಂದು ಕಾಡಿನ ದೆಸೆಯಿಂದ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಸುತ್ತಲಿನ ಹಳ್ಳಿಗಳ ಜನಕ್ಕೂ ಜ್ವರ ಬಂತು. ಊರವರು ಅದನ್ನು ಮಂಗನ ಕಾಯಿಲೆ ಅಂದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದರೆ ವೈರಸ್ ರಷ್ಯಾದ ಒಂದು ಉಣ್ಣೆಹುಳು ಜ್ವರದ ವೈರಸ್‌ಗೆ ಹತ್ತಿರದ ನೆಂಟ. ಆ ರಷ್ಯನ್ ಕಾಯಿಲೆಯ ಹೆಸರಲ್ಲೇ ವಸಂತ ಮತ್ತು ಬೇಸಿಗೆ ಇವೆ. ಸೈಬೀರಿಯಾಕ್ಕೂ ಸೊರಬಕ್ಕೂ ಏನು ಸಂಬಂಧ? ನಡುವೆ ಹಾರಾಡೋದು ವಲಸೆ ಹಕ್ಕಿ. ಉಣ್ಣೆಹುಳುವನ್ನು ಗರಿಯಲ್ಲಿ ಹೊತ್ತು ತಂದಿರಬೇಕು ಅಂತ ಅನುಮಾನ ಅದರ ಮೇಲೆ ಬಿತ್ತು.

ಅನುಮಾನ ಪರೀಕ್ಷಿಸೋಕೆ ವಿಶ್ವ ಆರೋಗ್ಯ ಸಂಸ್ಥೆ ದುಡ್ಡು ಕೊಟ್ಟಿತು. 1959ರ ಹೊತ್ತಿಗೆ ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ಸೊಸೈಟಿಯ ವಲಸೆ ಅಧ್ಯಯನ ಶುರುವಾಯಿತು. ಬಲೆ ಹಾಕಿ ಹಕ್ಕಿ ಹಿಡಿಯೋದು, ಮೈಮೇಲಿನ ಉಣ್ಣೆಹುಳು ಹುಡುಕೋದು, ಕಾಲಿಗೆ ನಂಬರ್ ಇರುವ ಉಂಗುರ ಹಾಕಿ ಬಿಡೋದು. ಸಿಕ್ಕವರು ಸೊಸೈಟಿಗೆ ತಿಳಿಸಿ ಅಂತ ಉಂಗುರದ ಮೇಲೇ ಕೆತ್ತಿರುತ್ತಿತ್ತು. ಭಾರತದಲ್ಲಿ ಉಂಗುರ ಹಾಕಿದ ಹಕ್ಕಿಗಳು ಆಮೇಲೆ ಸೋವಿಯತ್ ನಾಡಿನಲ್ಲಿ ಸಿಕ್ಕವು. 'ಇಲ್ಲಿ ಕಾಣೆಯಾಗಿದ್ದು ಅಲ್ಲಿದೆ' ಅಂತ ಬಾಯಿಮಾತಿಲ್ಲದೆ ತೋರಿಸೋಕೆ ಸಾಧ್ಯವಾಗಿದ್ದು ಆ ಪುಟ್ಟ ಉಂಗುರದಿಂದ. ಒಂದೇ ಹಕ್ಕಿಗೆ ಎರಡು ಊರು, ಎರಡು ತೇದಿ.

ಕೊನೆಗೆ ಹಕ್ಕಿಯ ಮೇಲಿನ ಆರೋಪ ಸಾಬೀತಾಗಲಿಲ್ಲ. ವೈರಸ್ ನಮ್ಮ ಕಾಡಿನದ್ದೇ. ಉಣ್ಣೆಹುಳು, ಇಲಿ ಹೆಗ್ಗಣ, ಮಂಗಗಳ ನಡುವೆ ಸದ್ದಿಲ್ಲದೆ ಇದ್ದದ್ದು. ಕಾಡು ಕಡಿದು ಗದ್ದೆ ತೋಟ ಮಾಡಿಕೊಂಡು, ದನ ಮೇಯಿಸೋಕೆ, ಸೌದೆ ತರಗೆಲೆ ತರೋಕೆ ಕಾಡಂಚಿಗೆ ಹೋದವರಿಗೆ ಅದು ತಗುಲಿತು. ಇವತ್ತಿಗೂ ಮಲೆನಾಡಿನಲ್ಲಿ ಬೇಸಿಗೆ ಬಂತೆಂದರೆ ಅದರ ಭಯ ಇದ್ದೇ ಇದೆ. ಏನೋ ಕೆಟ್ಟದ್ದಾದರೆ ಮೊದಲು ಹೊರಗಿಂದ ಬಂದವರ ಕಡೆ ಬೆರಳು ತೋರಿಸೋ ಅಭ್ಯಾಸ ವಿಜ್ಞಾನಕ್ಕೂ ಇತ್ತು. ಒಂದು ವ್ಯತ್ಯಾಸ, ವಿಜ್ಞಾನ ಅನುಮಾನಪಟ್ಟ ಮೇಲೆ ಹೋಗಿ ಪರೀಕ್ಷೆ ಮಾಡಿತು.

*

ಉಂಗುರ ಹಾಕೋದು ಪರಿಣತರ ಕೆಲಸ. ತೇದಿ ಬರೆಯೋದು ಯಾರು ಬೇಕಾದರೂ ಮಾಡಬಹುದು. 2007ರಲ್ಲಿ ಬೆಂಗಳೂರಿನ ಎನ್‌ಸಿಬಿಎಸ್‌ನಿಂದ ಶುರುವಾದ 'ಮೈಗ್ರಂಟ್‌ವಾಚ್' ಇದನ್ನೇ ಜನರಿಗೆ ಹೇಳಿತು. ಕೆಲವೇ ಜಾತಿಯ ವಲಸೆ ಹಕ್ಕಿಗಳನ್ನು ಆರಿಸಿಕೊಂಡು, ನಿಮ್ಮೂರಲ್ಲಿ ಇವನ್ನು ಮೊದಲು ನೋಡಿದ್ದು ಯಾವಾಗ ಅಂತ ಕೇಳಿತು. ಆಮೇಲೆ ಕೊನೆಯ ಸಲ ನೋಡಿದ್ದು ಯಾವಾಗ ಅಂತಲೂ. ಈಗ ಆ ಕೆಲಸ 'ಇಬರ್ಡ್'ನಲ್ಲಿ ನಡೆಯುತ್ತಿದೆ. ಅಲ್ಲಿ ಲಿಸ್ಟ್ ಹಾಕುವಾಗ ಒಂದು ಪ್ರಶ್ನೆ ಬರುತ್ತೆ: ನೀವು ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ? ಹೌದು ಅಂದರೆ, ಬರೆಯದೇ ಇರೋ ಹಕ್ಕಿ ಆ ಹೊತ್ತಿಗೆ ಕಾಣಲಿಲ್ಲ ಅಂತ ಲೆಕ್ಕ. ನಲ್ ಝೀರೋ ಆಗೋದು ಆ ಒಂದು ಕ್ಲಿಕ್‌ನಲ್ಲಿ. ನಾನು ಮೊದಲು ಅದನ್ನು ಓದದೇ ಒತ್ತಿಬಿಡುತ್ತಿದ್ದೆ.

ಮೈಸೂರಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2014ರಿಂದ 2016ರವರೆಗೆ ನಗರವನ್ನೇ ಚೌಕಗಳಾಗಿ ಹಂಚಿಕೊಂಡು ಹಕ್ಕಿಗಳ ಅಟ್ಲಾಸ್‌ಗೆ ಎಣಿಕೆ ಮಾಡಿದರು. ಚೌಕದ ಗುಣ ಏನೆಂದರೆ ಅದಕ್ಕೆ ಅಂದಚೆಂದ ಗೊತ್ತಿಲ್ಲ. ಕುಕ್ಕರಹಳ್ಳಿಗೆ ದಿನಾ ವಾಕಿಂಗ್ ಬರುವವರು ನೂರಾರು ಜನ, ಅಲ್ಲಿ ಏನು ಬಂದರೂ ಯಾರಾದರೂ ನೋಡ್ತಾರೆ. ಚೌಕ ಹಾಕಿದರೆ ಮಾತ್ರ ಕೆರೆಯಿಲ್ಲದ, ಮರ ಕಡಿಮೆ ಇರುವ, ಮನೆಗೆ ಮನೆ ತಾಗಿದ ಬೀದಿಗೂ ಯಾರೋ ಒಬ್ಬರು ಪುಸ್ತಕ ಪೆನ್ನು ಹಿಡಿದು ಹೋಗಲೇಬೇಕು.

ಹಾಗಿದ್ದೂ ವರ್ಷವಿಡೀ ನೋಡುವ ಕಣ್ಣುಗಳು ಎಲ್ಲಿವೆಯೋ ಅಲ್ಲೇ ದಾಖಲೆ ದಪ್ಪ. ಕ್ಯಾಮೆರಾ, ದುರ್ಬೀನು, ಶನಿವಾರದ ರಜೆ ಇರುವವರು ಎಲ್ಲಿ ವಾಸವಿದ್ದಾರೋ ಅಲ್ಲಿ ಹಕ್ಕಿ ಜಾಸ್ತಿ ಕಾಣುತ್ತೆ. ಮ್ಯಾಪ್ ನೋಡಿದರೆ ವಲಸೆ ಹಕ್ಕಿಗಳಿಗೂ ಕೆಲವು ಲೇಔಟ್‌ಗಳೇ ಇಷ್ಟ ಅಂದುಕೊಳ್ಳಬೇಕು!

*

ಎರಡನೇ ವರ್ಷದ ಏಪ್ರಿಲ್‌ನಲ್ಲಿ ನಾನು ಹಠ ಹಿಡಿದೆ. ಈ ಸಲ ಹೋದ ದಿನ ಬಿಡಲ್ಲ ಅಂತ. ಮಾರ್ಚ್ ಕೊನೆಗೇ ಹಕ್ಕಿ ಬದಲಾಗಿತ್ತು. ಚಳಿಗಾಲವಿಡೀ ಬಿಳಿಯಿದ್ದ ಗಂಟಲು ಕಪ್ಪಾಗುತ್ತಾ ಬಂದಿತ್ತು. ಅದು ಗಂಡು, ಮದುವೆ ಬಟ್ಟೆ ಹಾಕಿಕೊಂಡೇ ಹೊರಡುತ್ತೆ. ಹೊರಡುವ ಮೊದಲು ಈ ಹಕ್ಕಿಗಳು ಮಿತಿಮೀರಿ ತಿಂದು ಮೈಯಲ್ಲಿ ಕೊಬ್ಬು ಕೂಡಿಟ್ಟುಕೊಳ್ಳುತ್ತವೆ. ಹೊರಡುವ ಕಾಲ ಬಂತು ಅಂತ ಹೇಳೋದು ದಿನದ ಉದ್ದ, ಜೊತೆಗೆ ಮೈಯೊಳಗಿನ ವರ್ಷದ ಗಡಿಯಾರ. ಮೈಸೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರೋ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಆಫೀಸಿನ ಎಸಿ ಒಳಗಿರುವ ನಮಗೆ ಅದು ತಿಳಿಯೋದೂ ಇಲ್ಲ.

ಆ ಹೊತ್ತಿಗೆ ಅಶೋಕಪುರಂ ಪೂರ್ತಿ ನೀಲಿ. ಏಪ್ರಿಲ್ 14 ಅಂಬೇಡ್ಕರ್ ಜಯಂತಿ. ಮೈಸೂರಿನ ದಲಿತ ಚಳವಳಿಗೆ ತವರಿನಂಥ ಬಡಾವಣೆ ಇದು. ಬೀದಿಗೆ ಅಡ್ಡಲಾಗಿ ಬಾವುಟ, ದೀಪದ ಸರ, ಮೈಕ್, ಮೆರವಣಿಗೆಯ ತಯಾರಿ. ಜಯಂತಿಯ ಗಲಾಟೆಯಲ್ಲಿ ನಾನು ಎರಡು ದಿನ ಮೋರಿ ಕಡೆ ಹೋಗಲಿಲ್ಲ. 16ನೇ ತಾರೀಕು ಹೋದರೆ ಹಕ್ಕಿ ಇಲ್ಲ. ಆ ಕಡೆ ಈ ಕಡೆ ಬಗ್ಗಿ ನೋಡುತ್ತಿದ್ದೆ. ಎದುರು ಮನೆ ಜಗಲಿಯಲ್ಲಿ ಕೂತಿದ್ದ ಹಿರಿಯರೊಬ್ಬರು ಕೇಳಿದರು.

"ಏನ್ ಸಾ, ಮೋರಿಲೇನ್ ಹುಡುಕ್ತಾ ಇದ್ದೀರಿ?"

"ಒಂದ್ ಹಕ್ಕಿ ಯಜಮಾನ್ರೇ. ಬಾಲ ಕುಣಿಸ್ತಾ ಇರ್ತದಲ್ಲ, ಹೊಟ್ಟೆ ಹಳದಿ."

"ಅದಾ? ಹೊಂಟೋಯ್ತಲ್ಲ. ಜಯಂತಿಗೆ ಬಾವುಟ ಕಟ್ಟೋವಾಗ ಇರ್ತದೆ ಕಣಪ್ಪ, ಬಿಚ್ಚೋವಾಗ ಇರಾಕಿಲ್ಲ."

ಎಷ್ಟು ವರ್ಷದಿಂದ ನೋಡಿದ್ದೀರಿ ಅಂದೆ. ರೈಲ್ವೆ ವರ್ಕ್‌ಶಾಪ್‌ಗೆ ಕೆಲಸಕ್ಕೆ ಸೇರಿದಾಗಿನಿಂದ ಅಂದರು. ರಿಟೈರ್ ಆಗಿಯೇ ಬಹಳ ವರ್ಷವಾಗಿದೆ. "ವಾಪಸ್ ದಸರಾ ಹೊತ್ಗೆ ಬತ್ತದೆ. ಇದೇ ಬತ್ತದೋ, ಇದ್ರ ಮಗನೇ ಬತ್ತದೋ, ಅದು ನಂಗೊತ್ತಿಲ್ಲ" ಅಂತ ನಕ್ಕರು.

ನಾನು ನಲ್ ಅಂದುಕೊಂಡಿದ್ದ ಕಾಲಂ ತುಂಬಿತ್ತು. ನನ್ನ ಶೀಟ್‌ನಲ್ಲಿ ಇರಲಿಲ್ಲ, ಅಷ್ಟೇ. ಅವರು ಬರೆದಿಟ್ಟಿರಲಿಲ್ಲ. ಅವರನ್ನು ಯಾರೂ ಕೇಳಿಯೂ ಇರಲಿಲ್ಲ. ನೆನಪನ್ನು ಪೂರ್ತಿ ನಂಬೋಕಾಗಲ್ಲ ಅನ್ನೋದು ನನಗೂ ಗೊತ್ತು. ಒಂದು ವರ್ಷ ನಾಲ್ಕು ದಿನ ಮುಂಚೆ ಹೋಗಿರಬಹುದು, ಇನ್ನೊಂದು ವರ್ಷ ತಡವಾಗಿರಬಹುದು. ಬಿಸಿಲು ಏರುತ್ತಿರುವ ಈ ಕಾಲದಲ್ಲಿ ಆ ನಾಲ್ಕು ದಿನವೇ ಮುಖ್ಯ. ಹಕ್ಕಿ ಹೊರಡೋ ದಿನ ಹಿಂದೆಮುಂದೆ ಆದರೆ ಮರಿ ಮಾಡೋ ಜಾಗಕ್ಕೆ ಹುಳ ಸಿಗೋ ಹೊತ್ತಿಗೆ ತಲುಪುತ್ತೋ ಇಲ್ಲವೋ ಅನ್ನೋ ಪ್ರಶ್ನೆ ಇದೆ. ಅದನ್ನು ಹೇಳಬೇಕಾದರೆ ಹತ್ತಾರು ವರ್ಷದ ತೇದಿಗಳು ಬೇಕು. ಹತ್ತಾರು ವರ್ಷ ಒಂದೇ ಜಾಗದಲ್ಲಿ ಇದ್ದು ನೋಡಿದವರು ನನ್ನ ಹಾಗೆ ಹನ್ನೊಂದು ತಿಂಗಳ ಅಗ್ರಿಮೆಂಟ್ ಮೇಲೆ ಇರುವವರಲ್ಲ, ಜಗಲಿ ಮೇಲೆ ಕೂತಿರುವವರು.

ತಮಿಳುನಾಡಿನಲ್ಲಿ ಪೊಂಗಲ್‌ಗೆ, ಅಸ್ಸಾಮಿನಲ್ಲಿ ಬಿಹುಗೆ, ಕೇರಳದಲ್ಲಿ ಓಣಂಗೆ ಹಕ್ಕಿ ಎಣಿಸುತ್ತಾರೆ. ಹಬ್ಬಕ್ಕೆ ಜೋಡಿಸಿದರೆ ತೇದಿ ಮರೆಯಲ್ಲ, ಊರಿಗೆ ಹೋದವರೂ ಊರಿನ ಹಕ್ಕಿ ಎಣಿಸಿದ ಹಾಗಾಗುತ್ತೆ. ನಮ್ಮ ಯಜಮಾನರು ಜಯಂತಿಗೂ ದಸರಾಕ್ಕೂ ಗಂಟು ಹಾಕಿ ಇಟ್ಟುಕೊಂಡಿದ್ದು ಇದೇ ಲೆಕ್ಕವನ್ನೇ.

ಅದಾದ ಮೇಲೆ ಈ ವರ್ಷ ನಾವಿಬ್ಬರೂ ಸೇರಿ ಮಾಡಿದ್ದು ಇಷ್ಟು. ಏಪ್ರಿಲ್ 1ರಿಂದ 30ರವರೆಗೆ ದಿನಾ ಬೆಳಗ್ಗೆ ಹತ್ತು ನಿಮಿಷ, ಅದೇ ಮೋರಿ, ಅದೇ ಜಾಗ. ನಾನು ಇಲ್ಲದ ದಿನ ಅವರು ನೋಡಿ ಕ್ಯಾಲೆಂಡರ್‌ನಲ್ಲಿ ಗೀಟು ಹಾಕಿದರು. ಇದ್ದರೆ ಗೀಟು, ಇಲ್ಲದಿದ್ದರೆ ಸೊನ್ನೆ. ಹಾಲಿನ ಲೆಕ್ಕದ ಪಕ್ಕದಲ್ಲೇ. 12ರವರೆಗೆ ಗೀಟು. 13ರಂದು ಬೀದಿಯಲ್ಲಿ ಬಾವುಟ ಕಟ್ಟುವಾಗ ಹಕ್ಕಿ ಇತ್ತು ಅಂತ ಇನ್ನೊಂದು ಗೀಟು. 14ರಂದು ನೋಡೋಕಾಗಲಿಲ್ಲ ಅಂತ ಅವರು ಆ ಮನೆಯನ್ನು ಖಾಲಿ ಬಿಟ್ಟಿದ್ದರು, ಸೊನ್ನೆ ಹಾಕಿರಲಿಲ್ಲ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. 15ರಿಂದ 30ರವರೆಗೆ ಹದಿನಾರು ಸೊನ್ನೆ.

ಹೋದ ದಿನದ ಕಾಲಂನಲ್ಲಿ ನಾನು ಏಪ್ರಿಲ್ 13 ಅಂತ ಟೈಪ್ ಮಾಡಿದೆ. ಪಕ್ಕದಲ್ಲಿ, ನೋಡಿದವರು ಅನ್ನೋ ಹೊಸ ಕಾಲಂ ಸೇರಿಸಿದೆ.